ಲಾಯದ ಹಿಂದಿನ ಮಸಿ ಅಣಬೆ

ವೆತ್ಲುಗಾ ನದಿ ಬಿಲ್ಲಿನಂತೆ ಬಾಗುವ ಕಡೆ ಕ್ರಿವಾಯಾ ಲೂಕಾ ಎಂಬ ಊರು. ಊರಿನ ಗಂಡಸರು ಕಾಡಿನಿಂದ ಬಂದ ದಿಮ್ಮಿಗಳನ್ನು ತೆಪ್ಪ ಕಟ್ಟಿ ನದಿಗೆ ಬಿಡುವವರು. ಹೆಂಗಸರು ಗರಗಸದ ಕಾರ್ಖಾನೆಗೋ ಬೇಕರಿಗೋ ಹೋಗುವವರು. ಬೇಸಿಗೆಯ ಬಿಸಿಲು ಇಳಿಯುತ್ತಿದ್ದಂತೆ ಊರಿಗೆ ಊರೇ ಬುಟ್ಟಿ ಹಿಡಿದು ಅಣಬೆಗೆ ಹೊರಡುತ್ತಿತ್ತು. ಬರ್ಚ್ ಮರದ ಬುಡದ್ದು, ಪೈನ್ ಮರದ ಬುಡದ್ದು, ಉಪ್ಪಿನಲ್ಲಿ ಹಾಕಿಡುವ ಹಾಲಣಬೆ, ದಾರಕ್ಕೆ ಪೋಣಿಸಿ ಒಣಗಿಸುವ ಬಿಳಿ ಅಣಬೆ, ಯಾವುದನ್ನು ಕೇಳಿದರೂ ಚಿಕ್ಕ ಮಕ್ಕಳೇ ಹೆಸರು ಹೇಳುತ್ತಿದ್ದವು. ಆದರೆ ಕುದುರೆ ಲಾಯದ ಹಿಂದೆ, ಕೊಳೆತ ಗೊಬ್ಬರಕ್ಕೂ ಮರದ ಹೊಟ್ಟಿನ ರಾಶಿಗೂ ನಡುವೆ ಗುಂಪುಗುಂಪಾಗಿ ಏಳುವ ಬೂದು ಟೋಪಿಯ ಅಣಬೆಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಇವತ್ತು ಮೊಟ್ಟೆಯ ಹಾಗೆ ಮುದ್ದಾಗಿ ನಿಂತದ್ದು ನಾಳೆಯ ಹೊತ್ತಿಗೆ ಅಂಚಿನಿಂದ ಕರಗುತ್ತ ಕಪ್ಪು ಮಸಿಯಾಗಿ ತೊಟ್ಟಿಕ್ಕುತ್ತಿತ್ತು. ಅಂಥದ್ದನ್ನು ಯಾರು ಬಾಯಿಗಿಡುತ್ತಾರೆ?

ಗ್ಲಫೀರಾ ಮದುವೆಯಾಗಿ ಈ ಊರಿಗೆ ಬಂದ ಮೊದಲ ವರ್ಷವೇ ಅತ್ತೆ ಉಸ್ತೀನ್ಯಾ ಅವಳನ್ನು ಲಾಯದ ಹಿಂದಕ್ಕೆ ಕರೆದುಕೊಂಡು ಹೋಗಿದ್ದಳು. ಮುದುಕಿಯದು ಮೊದಲೇ ಮಾತು ಕಡಿಮೆ. ಬಗ್ಗಿ, ಇನ್ನೂ ಟೋಪಿ ಬಿಚ್ಚದ ಎಳೆಯವನ್ನಷ್ಟೇ ಆರಿಸಿ ಕುಯ್ದು ಮಡಿಲಿಗೆ ಹಾಕಿಕೊಂಡಳು.

"ಒಳಗೆ ಬೆಳ್ಳಗಿದ್ರೆ ಊಟ. ಕಪ್ಪಾದ್ರೆ ಬೇಲಿಗೆ ಬಳಿಯೋಕೂ ಬೇಡ. ಕುಯ್ಕೊಂಡು ಬಂದು ಪಾತ್ರೆ ತೊಳೀತಾ ಕೂರ್ಬೇಡ, ಮೊದ್ಲು ಇದನ್ನ ಬಾಣಲೆಗೆ ಹಾಕು."

"ವಿಷ ಅಲ್ವಾ ಅತ್ತೆ?"

"ನಂಗಲ್ಲ. ನಿಂಗಲ್ಲ. ನಾಳೆ ಹುಟ್ಟೋ ನಿನ್ ಮಗೂಗೂ ಅಲ್ಲ. ಮೈಗೆ ಒಳ್ಳೇದು, ಹೊಟ್ಟೆಗೆ ಹಗುರ. ಬಾಟ್ಲಿ ಮುಟ್ಟೋನಿಗೆ ಮಾತ್ರ ಇದು ಬೇರೆ ಥರ. ತಿಂದು ಎರಡು ಮೂರು ದಿನದೊಳಗೆ ಕುಡಿದ್ನೋ, ಮೈಯೆಲ್ಲ ಬೆಂಕಿ ಬೀಳುತ್ತೆ. ಸಲ ಸಲಾನೂ ಹಂಗೇ ಆದ್ರೆ ಬಾಟ್ಲಿ ಕಂಡ್ರೇ ಹೇಸ್ಕೋತಾನೆ."

ಗ್ಲಫೀರಾ ಕೇಳಿದಳು, "ಮಾವನಿಗೆ ಕೊಟ್ಟಿದ್ರಾ?"

"ಕೊಟ್ಟೆ."

"ವಾಸಿ ಆಯ್ತಾ?"

ಉಸ್ತೀನ್ಯಾ ಚಾಕುವನ್ನು ಹುಲ್ಲಿಗೆ ಒರೆಸಿದಳು. "ಬದುಕ್ದ. ಕುಡೀಲಿಲ್ಲ. ಆಮೇಲೆ ನಗ್ಲೂ ಇಲ್ಲ."

ಅತ್ತೆ ಸತ್ತ ಮೇಲೂ ಎಷ್ಟೋ ವರ್ಷ ಗ್ಲಫೀರಾ ಆ ಕಡೆ ತಲೆ ಹಾಕಿರಲಿಲ್ಲ. ಅವಳ ಗಂಡ ನಿಕಾನೊರ್ ಊರಿಗೆ ಬೇಕಾದ ಮನುಷ್ಯ. ತೆಪ್ಪದ ಮೇಲೆ ಅವನಿದ್ದರೆ ಉಳಿದವರಿಗೆ ಧೈರ್ಯ. ಊಟಕ್ಕೆ ಅವನಿದ್ದರೆ ನಗು. ಸತ್ತವರ ತಿಥಿಯ ಊಟದಲ್ಲೂ ಏನಾದರೊಂದು ಹೇಳಿ ವಿಧವೆಯ ತುಟಿ ಅರಳಿಸುತ್ತಿದ್ದ. ಕುಡಿತ ಎಲ್ಲರಂತೆ ಅವನಿಗೂ ಇತ್ತು. ಬರಬರುತ್ತ ಎಲ್ಲರಿಗಿಂತ ಹೆಚ್ಚಾಯಿತು. ಹೊಡೆಯುವವನಲ್ಲ, ಬೈಯುವವನಲ್ಲ; ಕುಡಿದರೆ ಮಗುವಿನಂತಾಗಿ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದ. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

ಒಂದು ಫೆಬ್ರವರಿಯ ಬೆಳಿಗ್ಗೆ ಎಲ್ಲ ಬದಲಾಯಿತು. ಗ್ಲಫೀರಾ ಬೇಕರಿಗೆ ಹೋಗುವಾಗ ಒಲೆ ಉರಿಯುತ್ತಿತ್ತು, ಮಗಳು ಪೋಲ್ಯಾ ಒಲೆಯ ಮೇಲಿನ ಬೆಚ್ಚನೆಯ ಜಗುಲಿಯಲ್ಲಿ ನಿದ್ದೆಯಲ್ಲಿದ್ದಳು. ನಿಕಾನೊರ್ ಎದ್ದು, ಹಿಂದಿನ ದಿನದ ತಲೆನೋವಿಗೆ ಎರಡು ಗುಟುಕು ಹಾಕಿ, ಶಾಖ ಹೊರಗೆ ಹೋಗುತ್ತದೆ ಎಂದು ಹೊಗೆಗೂಡಿನ ಮುಚ್ಚಳ ಎಳೆದ. ಕೆಂಡದ ಮೇಲೆ ಇನ್ನೂ ನೀಲಿ ಜ್ವಾಲೆ ಆಡುತ್ತಿದ್ದುದನ್ನು ನೋಡಲಿಲ್ಲ. ಅದು ಆರುವ ಮುಂಚೆ ಮುಚ್ಚಿದರೆ ಒಲೆಯ ವಿಷಗಾಳಿ ಮನೆಯೊಳಗೇ ತುಂಬುತ್ತದೆ. ಆಮೇಲೆ ಕೋಟು ಹಾಕಿಕೊಂಡು ಬಾಟಲಿ ಹುಡುಕಿಕೊಂಡು ಹೊರಟುಹೋದ. ಆ ದಿನ ಬೇಕರಿಯಲ್ಲಿ ಹಿಟ್ಟು ಬಂದಿರಲಿಲ್ಲ. ಹಾಗಾಗಿ ಗ್ಲಫೀರಾ ಬೇಗ ಮನೆಗೆ ಬಂದಳು, ಅಷ್ಟೇ. ಹಿಟ್ಟಿನ ಲಾರಿ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಪೋಲ್ಯಾ ಇರುತ್ತಿರಲಿಲ್ಲ. ಮಗುವಿನ ಕೈಕಾಲು ಬಟ್ಟೆಯಂತೆ ಜೋಲುತ್ತಿದ್ದವು. ಎತ್ತಿಕೊಂಡು ಅಂಗಳಕ್ಕೆ ಓಡಿ ಹಿಮದ ಮೇಲೆ ಮಲಗಿಸಿ ಮುಖಕ್ಕೆ ಹಿಮ ತಿಕ್ಕಿದಳು. ಪೋಲ್ಯಾ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಾಗ ಗ್ಲಫೀರಾ ಅಳಲಿಲ್ಲ. ಅವಳು ಹಿಮದಲ್ಲಿ ಮೊಣಕಾಲೂರಿ ಕೂತೇ ಆ ವರ್ಷ ಲಾಯದ ಹಿಂದೆ ಅಣಬೆ ಏಳುವ ತನಕ ಎಷ್ಟು ಕಾಯಬೇಕೆಂದು ಲೆಕ್ಕ ಹಾಕುತ್ತಿದ್ದಳು.

ನಿಕಾನೊರ್ ಅತ್ತ. ಮಗಳ ಕಾಲು ಹಿಡಿದುಕೊಂಡು ಅತ್ತ. ಇನ್ನು ಮುಟ್ಟುವುದಿಲ್ಲ ಎಂದು ದೇವರ ಪಟದ ಮುಂದೆ ಆಣೆ ಇಟ್ಟ. ಹಿಮ ಕರಗಿ ನದಿ ಬಿಟ್ಟುಕೊಂಡು ತೆಪ್ಪದ ಕೆಲಸ ಶುರುವಾಗುವಷ್ಟರಲ್ಲಿ ಆಣೆಯೂ ಕರಗಿತ್ತು.

ಮಳೆ ಬಿದ್ದ ಮೊದಲ ವಾರ ಗ್ಲಫೀರಾ ಲಾಯದ ಹಿಂದಕ್ಕೆ ಹೋದಳು. ಎಳೆಯವನ್ನು ಆರಿಸಿ ತಂದು, ಈರುಳ್ಳಿ ಹಾಕಿ ಹುರಿದು, ಆಲೂಗಡ್ಡೆ ಬೆರೆಸಿ, ಹುಳಿಕೆನೆ ಸುರಿದು, ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸಿದಳು. ಮೂವರೂ ಒಂದೇ ಬಾಣಲೆಯಿಂದ ತಿಂದರು. ನಿಕಾನೊರ್ ಬಾಣಲೆಯ ತಳವನ್ನು ಬ್ರೆಡ್ಡಿನಿಂದ ಒರೆಸಿ ಒರೆಸಿ ತಿಂದ. "ಇದ್ಯಾವ ಅಣಬೇನೇ ಗ್ಲಾಶಾ, ಕೋಳಿಮಾಂಸದ ಥರ ಇದೆ?" ಎಂದ. "ಹೊಳೆ ಆಚೆಯದ್ದು" ಎಂದಳು. ಅದು ಅವಳು ಅವನಿಗೆ ಹೇಳಿದ ಮೊದಲ ಸುಳ್ಳು. ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಅದೇ ಅವಳಿಗೆ ಆಮೇಲೆ ಆಶ್ಚರ್ಯ ತಂದದ್ದು.

ಮರುದಿನ ಸಂಜೆ ಅವನು ಗೆಳೆಯನ ಹುಟ್ಟುಹಬ್ಬದಿಂದ ಗೋಡೆ ಹಿಡಿದುಕೊಂಡು ಮನೆಗೆ ಬಂದ. ಮುಖ, ಕಿವಿ, ಕುತ್ತಿಗೆ ಬೀಟ್‌ರೂಟ್ ಹಚ್ಚಿದ ಹಾಗೆ ಕೆಂಪಾಗಿತ್ತು. ಮೂಗಿನ ತುದಿ ಮಾತ್ರ ಬೆಳ್ಳಗೆ. ಎದೆ ಅಂಗಿಯ ಮೇಲಿಂದಲೇ ಬಡಿಯುವುದು ಕಾಣುತ್ತಿತ್ತು.

"ಬಾಯಲ್ಲಿ ತಾಮ್ರದ ಕಾಸು ಇಟ್ಕೊಂಡಂಗೆ ಇದೆ. ಬೆರಳೆಲ್ಲ ಜುಮ್ಮಂತಿದೆ. ಎಂಥ ಹಾಳು ವೋಡ್ಕಾ ತಂದಿದ್ರೋ ಏನೋ."

"ಉಳಿದೋರಿಗೆ ಏನೂ ಆಗ್ಲಿಲ್ವಾ?"

"ಇಲ್ಲ. ನಂಗೊಬ್ನಿಗೇ."

ಗ್ಲಫೀರಾ ಬೋಗುಣಿ ತಂದಿಟ್ಟು ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅವಳ ಕೈ ಬೆಚ್ಚಗಿತ್ತು, ಮೃದುವಾಗಿತ್ತು. ಒಳಗೆ ಮಾತ್ರ ಒಂದು ತಣ್ಣನೆಯ ಜಾಗ ಹುಟ್ಟಿಕೊಂಡು, ಅಲ್ಲಿಂದ ಅವಳು ಗಂಡನ ಉಸಿರನ್ನು ಅಡುಗೆಯ ಹದ ನೋಡುವ ಹಾಗೆ ನೋಡುತ್ತಿದ್ದಳು.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಅವನು ಅರ್ಧ ಲೋಟಕ್ಕೇ ಕುಸಿದುಬಿಟ್ಟ. ಅಣಬೆಯ ಕಾಲ ಮುಗಿಯುವ ಮುಂಚೆ ಅವಳು ಒಂದಷ್ಟನ್ನು ಒಲೆಯ ಬಿಸಿಗೆ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಸೋಂಪು ಜೀರಿಗೆಗಳ ನಡುವೆ ಇಟ್ಟುಕೊಂಡಳು. ಹಬ್ಬದ ಹಿಂದಿನ ದಿನ ಎಲೆಕೋಸಿನ ಸಾರಿಗೆ ಒಂದು ಚಿಟಿಕೆ. ಸಂಬಳದ ಹಿಂದಿನ ದಿನ ಒಂದು ಚಿಟಿಕೆ.

ಊರಿಗೆ ಡಾಕ್ಟರಿರಲಿಲ್ಲ, ದವಾಖಾನೆಯ ರೈಸಾ ಅರ್ಕಾದ್ಯೆವ್ನಳೇ ಸೂಜಿ, ಹೆರಿಗೆ, ಹಲ್ಲು ಕೀಳುವುದು ಎಲ್ಲ. ನಿಕಾನೊರ್ ಅವಳ ಹತ್ತಿರ ಹೋದ. ಅವಳು ನಾಡಿ ನೋಡಿದಳು, ಎದೆ ಕೇಳಿದಳು. "ಈಗ ಸರಿಯಾಗೇ ಇದೆ. ಕುಡಿದಾಗ ಮಾತ್ರ ಹಿಂಗಾಗುತ್ತೆ ಅಂದ್ರೆ ಕುಡೀಬೇಡಿ. ನಿಮ್ ಮೈ ನಿಮಗೆ ಏನೋ ಹೇಳ್ತಿದೆ" ಎಂದಳು. ಅವನು ಆ ಮಾತನ್ನು ಬೇರೆಯೇ ರೀತಿ ತೆಗೆದುಕೊಂಡ. ಅವನ ಅಣ್ಣ ಫೆದೋಸ್ ನದಿಯಲ್ಲಿ ದಿಮ್ಮಿಗಳ ಕೆಳಗೆ ಸಿಕ್ಕಿ ಸತ್ತು ಬಹಳ ಕಾಲವಾಗಿತ್ತು. ಹೆಣ ಸಿಕ್ಕಾಗ ಮುಖ ಕೆಂಪಾಗಿ ಊದಿತ್ತಂತೆ. ನಿಕಾನೊರ್ ಕನ್ನಡಿಯಲ್ಲಿ ತನ್ನ ಕೆಂಪು ಮುಖ ನೋಡಿಕೊಂಡಾಗಲೆಲ್ಲ ಅದು ಫೆದೋಸನ ಮುಖವೆಂದೇ ಕಾಣುತ್ತಿತ್ತು.

ಕುಡಿತ ನಿಂತಿತು. ನಗುವೂ ನಿಂತಿತು. ಊಟಕ್ಕೆ ಕರೆದರೆ ಮೂಲೆಯಲ್ಲಿ ಚಹಾ ಹಿಡಿದುಕೊಂಡು ಕೂರುತ್ತಿದ್ದ. ತೆಪ್ಪದ ಮೇಲೆ ನೀರಿನ ಕಡೆ ನೋಡದೆ ಕೆಲಸ ಮಾಡುತ್ತಿದ್ದ. ಒಂದು ಭಾನುವಾರ ಕೊಟ್ಟಿಗೆಯಿಂದ ಕೀಸುಳಿಯ ಸದ್ದು ಕೇಳಿ ಗ್ಲಫೀರಾ ಇಣುಕಿದಳು. ಗಂಟಿಲ್ಲದ ಒಳ್ಳೆಯ ಪೈನ್ ಹಲಗೆಗಳನ್ನು ಅವನು ಒಂದೊಂದಾಗಿ ನಯ ಮಾಡುತ್ತಿದ್ದ.

"ಏನಕ್ಕೆ ಇವು? ಬೆಂಚಿಗಾ?"

"ನಂಗೆ" ಎಂದ. ಅವಳಿಗೆ ಅರ್ಥವಾಗಲಿಲ್ಲವೆಂದು ತಿಳಿದು, ಹಲಗೆಯೊಂದನ್ನು ತನ್ನ ಹೆಗಲಿನ ಪಕ್ಕ ನಿಲ್ಲಿಸಿ ತೋರಿಸಿದ. "ಹೆಣದ ಪೆಟ್ಟಿಗೆಗೆ ಬೇರೆಯೋರು ಅವಸರದಲ್ಲಿ ಹಸಿಮರ ಹಾಕ್ಬಿಡ್ತಾರೆ. ನನ್ ಕೈಯಲ್ಲೇ ಆದ್ರೆ ಪರವಾಗಿಲ್ಲ. ನೀನು ಹೆದರ್ಕೋಬೇಡ ಗ್ಲಾಶಾ. ಇನ್ನೂ ಸ್ವಲ್ಪ ದಿನ ಇದೆ ಅನ್ಸುತ್ತೆ."

ಹೇಳಿಬಿಡಬೇಕೆಂದು ಗ್ಲಫೀರಾ ಬಾಯಿ ತೆರೆದಳು. ಅಷ್ಟರಲ್ಲಿ ಅಂಗಳದಲ್ಲಿ ಪೋಲ್ಯಾ ಯಾವುದೋ ಹಾಡು ಹೇಳಿಕೊಂಡು ಓಡಿಹೋದಳು. ಗ್ಲಫೀರಾ ಬಾಯಿ ಮುಚ್ಚಿಕೊಂಡು, ನೆಲದ ಮೇಲಿನ ಸಿಪ್ಪೆಗಳನ್ನು ಒಲೆ ಹೊತ್ತಿಸಲು ಬಾಚಿಕೊಂಡು ಒಳಗೆ ಹೋದಳು.

ಕುಡುಕರ ಹೆಂಡತಿಯರ ಕಣ್ಣು ಬಹಳ ಚುರುಕು. ಬೇಕರಿಯಲ್ಲಿ ಗ್ಲಫೀರಾ ಜೊತೆ ಹಿಟ್ಟು ನಾದುವ ಕಪಿತೊಲೀನಾ ಮೊದಲು ಹಿಡಿದಳು. ಅವಳನ್ನು ಎಲ್ಲರೂ ಕಾಪಾ ಎನ್ನುತ್ತಿದ್ದರು. ಗಂಡ ಸಾವೆಲಿ ತೆಪ್ಪದವರ ಮೇಸ್ತ್ರಿ, ಗೂಳಿಯಂಥ ಆಳು. ಅವನು ಕುಡಿದರೆ ಮಲಗುತ್ತಿರಲಿಲ್ಲ. ಕಾಪಾಳ ಮೈಯಲ್ಲಿ ಹಳೆಯ ಕಲೆ ಹಳದಿಯಾಗುವಷ್ಟರಲ್ಲಿ ಹೊಸ ಕಲೆ ನೀಲಿಯಾಗಿರುತ್ತಿತ್ತು. ಅವಳು ಒಮ್ಮೆ ತವರಿಗೆ ಓಡಿಹೋಗಿದ್ದಳು. ಸಾವೆಲಿ ಹೋಗಿ ಎಳೆದುಕೊಂಡು ಬಂದಿದ್ದ. ಒಮ್ಮೆ ದೂರು ಕೊಟ್ಟಿದ್ದಳು. ಬಂದ ಪೋಲೀಸಿನವನು ಸಾವೆಲಿಯ ಜೊತೆ ಊಟ ಮಾಡಿಕೊಂಡು ಹೋಗಿದ್ದ.

ಶನಿವಾರದ ಹಬೆಸ್ನಾನದಲ್ಲಿ ಇಬ್ಬರೇ ಕೂತಿದ್ದಾಗ ಕಾಪಾ ಬೆನ್ನು ತಿರುಗಿಸಿ ಕೂತಳು. ನೋಡು ಎನ್ನಲಿಲ್ಲ. ನೋಡದೆ ಇರಲು ಆಗುವಂತಿರಲಿಲ್ಲ.

"ನಿನ್ ಗಂಡನಿಗೆ ಏನ್ ಹಾಕ್ತಿದೀಯೇ?" ಎಂದಳು.

"ಏನಿಲ್ಲ. ಅವನೇ ಬಿಟ್ಟ."

"ಅವನೇ ಬಿಟ್ಟ" ಎಂದು ಕಾಪಾ ಅಣಕಿಸಿದಳು. "ತೋಳ ಅವರೇಕಾಯಿ ತಿನ್ನೋಕೆ ಶುರು ಮಾಡ್ತಂತೆ. ಯಾರಿಗ್ ಹೇಳ್ತೀಯ ಗ್ಲಾಶಾ? ಮಳೆ ಬಂದ್ ಮರುದಿನ ನೀನು ಲಾಯದ ಹಿಂದಿಂದ ಬರೋದು ನಾನು ನೋಡಿಲ್ವಾ? ಅಲ್ಲಿ ಇನ್ನೇನ್ ಬೆಳೆಯುತ್ತೆ, ಗುಲಾಬೀನಾ?"

ಗ್ಲಫೀರಾ ಹೇಳಿದಳು. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ಅಷ್ಟು ಕಾಲ ಒಬ್ಬಳೇ ಹೊತ್ತಿದ್ದು. ಎರಡು ದಿನ ಬಿಟ್ಟು ಒಂದು ಪುಟ್ಟ ಗಂಟು ಪುಡಿಯನ್ನೂ ಕೊಟ್ಟಳು. ಕೊಡುವಾಗ ಅತ್ತೆಯ ಹಾಗೆ ದನಿ ತಗ್ಗಿಸಿ ಬುದ್ಧಿ ಹೇಳಿದಳು: "ಒಂದು ಚಿಟಿಕೆ ಸಾಕು. ಕುಡೀತಾ ಕೂತಿರೋವಾಗ ಹಾಕ್ಬೇಡ, ಹಿಂದಿನ ದಿನ ಹಾಕು. ಜಾಸ್ತಿ ಹಾಕಿ ಜಾಸ್ತಿ ಕುಡಿಸಿದ್ರೆ ಕೈ ಮೀರುತ್ತೆ. ಗುಂಡಿಗೆ ಸರಿ ಇಲ್ದೋರಿಗಂತೂ ಮುಟ್ಟಿಸ್ಲೇಬೇಡ. ಅತ್ತೆ ಹೇಳ್ತಿದ್ರು, ಅಂಥವರು ಬೆಳಗು ಕಾಣಲ್ಲ ಅಂತ."

"ಸಾವೆಲಿಗೆ ಗುಂಡಿಗೆ ಅಂತ ಒಂದಿದ್ರೆ ತಾನೇ ಕೆಡೋದಕ್ಕೆ" ಎಂದು ಕಾಪಾ ನಕ್ಕಳು. ಅವಳ ಮುಂದಿನ ಹಲ್ಲು ಒಂದು ಇರಲಿಲ್ಲ. ಗ್ಲಫೀರಾಳೂ ನಕ್ಕಳು.

ಹಿಂದಿನ ವಸಂತದಲ್ಲಿ ಸಾವೆಲಿ ಜಿಲ್ಲಾ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದ. ಅಂಡವಾಯು, ಕುಯ್ಸಿಕೊಂಡು ಬಂದ ಎಂದು ಕಾಪಾ ಊರಿಗೆಲ್ಲ ಹೇಳಿದ್ದಳು. ಎದೆನೋವೆಂದು ಹೇಳಿದರೆ ಮೇಸ್ತ್ರಿ ಕೆಲಸ ಹೋಗುತ್ತದೆಂದು ಅವನೇ ಹಾಗೆ ಹೇಳಿಸಿದ್ದ. ಇದು ಗ್ಲಫೀರಾಗೆ ಗೊತ್ತಿರಲಿಲ್ಲ.

ನದಿ ಹೆಪ್ಪುಗಟ್ಟುವ ಮುಂಚೆ ಕೊನೆಯ ತೆಪ್ಪ ಹೋದ ಮೇಲೆ ಮೇಸ್ತ್ರಿಯ ಮನೆಯಲ್ಲಿ ಊಟ ಇಡುವುದು ಪದ್ಧತಿ. ಆ ವರ್ಷ ಭಾನುವಾರ ಮಧ್ಯಾಹ್ನ ಇಟ್ಟರು. ಹೊರಗೆ ಬಿಸಿಲಿದ್ದರೂ ಕಾವಿರಲಿಲ್ಲ. ಅಂಗಳದ ಕೆಸರು ಕಲ್ಲಾಗಿತ್ತು. ಒಳಗೆ ಉದ್ದನೆಯ ಮೇಜು, ಉಪ್ಪು ಹಾಕಿದ ಹಾಲಣಬೆ, ಹುಳಿ ಎಲೆಕೋಸು, ಮೀನಿನ ಕಡುಬು. ಕಾಪಾ ಹೊಸ ತಲೆವಸ್ತ್ರ ಕಟ್ಟಿದ್ದಳು. ಎಲ್ಲರಿಗೂ ದೊಡ್ಡ ಪಾತ್ರೆಯಿಂದ ಸಾರು ಬಡಿಸಿದಳು. ಗಂಡನಿಗೆ ಮಾತ್ರ ಒಲೆಯೊಳಗಿಂದ ಬೇರೆ ಮಡಕೆ ತೆಗೆದಳು.

"ಮೇಸ್ತ್ರಿಗೆ ಸ್ಪೆಶಲ್ಲಾ?" ಎಂದು ಯಾರೋ ಛೇಡಿಸಿದರು.

"ಒಬ್ನೇ ಗಂಡ, ಒಂದೇ ಮಡಕೆ" ಎಂದಳು ಕಾಪಾ.

ಗ್ಲಫೀರಾಗೆ ಮಡಕೆ ನೋಡಿ ಏನೂ ಅನ್ನಿಸಲಿಲ್ಲ. ಅವಳಿಗೆ ಅನ್ನಿಸಿದ್ದು ಕಾಪಾ ಬಾಟಲಿ ಹಿಡಿದ ರೀತಿ ನೋಡಿ. ವರ್ಷಗಟ್ಟಲೆ ಬಾಟಲಿಗಳನ್ನು ಹಿಟ್ಟಿನ ಡಬ್ಬದಲ್ಲಿ, ಸೌದೆಯಡಿ, ಬಾವಿಯಲ್ಲಿ ಬಚ್ಚಿಟ್ಟು ಒದೆ ತಿಂದ ಹೆಂಗಸು ಅವತ್ತು ಗಂಡನ ಹೆಗಲ ಹಿಂದೆ ನಿಂತು ಲೋಟ ಅರ್ಧವಾಗುವ ಮುಂಚೆ ತುಂಬಿಸುತ್ತಿದ್ದಳು. "ಕುಡಿ ಸಾವ್ವಾ. ವರ್ಷವೆಲ್ಲ ದುಡಿದಿದೀಯ. ಇವತ್ತು ನಾನು ತಡೆಯಲ್ಲ." ದನಿ ಜೇನಿನಂತಿತ್ತು. ಗ್ಲಫೀರಾಳ ಕೈಯಲ್ಲಿದ್ದ ಚಮಚ ನಿಂತಿತು. ಎದ್ದು ಹೋಗಿ ಸಾವೆಲಿಯ ಲೋಟದ ಮೇಲೆ ಅಂಗೈ ಇಟ್ಟಳು.

"ಸಾಕು. ಸ್ವಲ್ಪ ಹೊತ್ತು ಬಿಟ್ಟು ಕುಡೀಬಹುದು."

ಮೇಜಿನ ಸುತ್ತ ನಗು. "ತನ್ನೋನನ್ನ ಸನ್ಯಾಸಿ ಮಾಡಿ ಆಯ್ತು, ಈಗ ನನ್ ಸರದಿ ನೋಡ್ರಪ್ಪಾ" ಎಂದ ಸಾವೆಲಿ, ಅವಳ ಕೈಯನ್ನು ನೊಣ ಓಡಿಸುವಂತೆ ಸರಿಸಿ ಲೋಟ ಬರಿದು ಮಾಡಿದ. ಕಾಪಾ ಅವನ ತಲೆಯ ಮೇಲಿಂದ ಗ್ಲಫೀರಾಳನ್ನು ನೋಡಿದಳು. ಆ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಭಯವೂ ಇರಲಿಲ್ಲ. ಒಲೆಗೆ ಹಾಕಿದ ಬ್ರೆಡ್ಡು ಇನ್ನೇನು ಆಗುತ್ತದೆ ಎನ್ನುವಾಗ ಅವಳು ಹೀಗೇ ನಿಲ್ಲುತ್ತಿದ್ದಳು.

ಮೊದಲು ಕಿವಿ ಕೆಂಪಾಯಿತು. ಆಮೇಲೆ ಕುತ್ತಿಗೆ. ಸಾವೆಲಿ ಕಾಲರಿನ ಗುಂಡಿ ಬಿಚ್ಚಿದ. ಮೇಜಿನ ಆ ತುದಿಯಲ್ಲಿ ಚಹಾ ಹಿಡಿದು ಕೂತಿದ್ದ ನಿಕಾನೊರ್ ತಲೆಯೆತ್ತಿದ. ಬಹಳ ಹೊತ್ತು ದಿಟ್ಟಿಸಿ, ನಿಧಾನವಾಗಿ ಕೇಳಿದ:

"ಬಾಯಲ್ಲಿ ತಾಮ್ರದ ರುಚಿ ಬರ್ತಿದ್ಯಾ, ಸಾವೆಲಿ?"

ಸಾವೆಲಿ ಹೌದೆಂದು ತಲೆಯಾಡಿಸಿದ.

"ಈಗ ಬೆರಳು ಜುಮ್ಮನ್ನುತ್ತೆ."

ಸಾವೆಲಿ ತನ್ನ ಬೆರಳುಗಳನ್ನು ನೋಡಿಕೊಂಡ. "ನಿಂಗೆ ಹೆಂಗ್ ಗೊತ್ತು?"

"ಇನ್ನು ಎದೆ" ಎಂದ ನಿಕಾನೊರ್. ಅವನು ಅದನ್ನು ಹೇಳಿದ್ದು ಸಾವೆಲಿಗಲ್ಲ. ಹೇಳುವಷ್ಟರಲ್ಲಿ ಅವನ ಕಣ್ಣು ಮಡಕೆಗೆ ಹೋಗಿತ್ತು, ಮಡಕೆಯಿಂದ ಕಾಪಾಳಿಗೆ, ಕಾಪಾಳಿಂದ ತನ್ನ ಹೆಂಡತಿಗೆ.

ಸಾವೆಲಿ ಏಳಲು ಹೋಗಿ ಮೇಜುಬಟ್ಟೆ ಹಿಡಿದುಕೊಂಡೇ ಕೆಳಗೆ ಬಿದ್ದ. ಯಾರೋ ದವಾಖಾನೆಗೆ ಓಡಿದರು. ಗ್ಲಫೀರಾ ಅವನ ಅಂಗಿ ಹರಿದು, ಮುಖಕ್ಕೆ ನೀರು ಹಾಕಿ, ತಲೆ ತೊಡೆಯ ಮೇಲಿಟ್ಟುಕೊಂಡಳು. ರೈಸಾ ಸೂಜಿಪೆಟ್ಟಿಗೆ ಹಿಡಿದು ಬರುವಷ್ಟರಲ್ಲಿ ಕೆಂಪು ಇಳಿದು ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯ ಹಳೆಯ ಚೀಟಿಗಳನ್ನು ಕಾಪಾಳೇ ತಂದು ಕೊಟ್ಟಳು. ಎದೆ ಕೆಟ್ಟಿದ್ದವನು, ಕುಡಿದ, ಸತ್ತ. ರೈಸಾಗೆ ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಕಾಣಲಿಲ್ಲ.

ಮನೆಗೆ ಬಂದವನೇ ನಿಕಾನೊರ್ ಮಸಾಲೆ ಡಬ್ಬಗಳ ಹಲಗೆಯ ಮುಂದೆ ನಿಂತು ಒಂದೊಂದಾಗಿ ಮೂಸಿ ನೋಡಿದ. ಬಟ್ಟೆಯ ಚೀಲ ಸಿಕ್ಕಿತು. ಮೇಜಿನ ಮೇಲಿಟ್ಟು ಕೂತ.

"ಯಾವಾಗಿಂದ?"

"ಪೋಲ್ಯಾನ ಹಿಮದಲ್ಲಿ ಮಲಗಿಸಿದ ವರ್ಷದಿಂದ."

"ನಾನು ಹಲಗೆ ಕೀಸ್ತಿದ್ದಾಗ್ಲೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸಾಯ್ತೀನಿ ಅಂತ ನಾನ್ ಅಂದ್ಕೊಂಡಿರೋದೂ?"

"ಅದೂ ಗೊತ್ತಿತ್ತು."

ಅವನು ಚೀಲದ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಹೇಳ್ಬಹುದಿತ್ತು."

"ಹೇಳಿದ್ರೆ ತಿಂತಿದ್ಯಾ?"

"ಇಲ್ಲ" ಎಂದ. ಸುಳ್ಳು ಹೇಳುವವನಾಗಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅವನು ಕೂಗಾಡಲಿಲ್ಲ, ಮನೆ ಬಿಟ್ಟೂ ಹೋಗಲಿಲ್ಲ. ಮರುದಿನದಿಂದ ಅವಳ ಕೈಯಡುಗೆ ತಿನ್ನುವುದು ಬಿಟ್ಟ, ಅಷ್ಟೇ. ತನ್ನ ಗಂಜಿ ತಾನೇ ಕಾಸಿಕೊಂಡ. ಮೊಟ್ಟೆಯನ್ನು ಸಿಪ್ಪೆ ಸಮೇತ ಬೇಯಿಸಿ ತಾನೇ ಸುಲಿದುಕೊಂಡ. ಚಹಾದ ಲೋಟವನ್ನು ಕುಡಿಯುವ ಮುಂಚೆ ತೊಳೆದುಕೊಂಡ. ಒಂದೇ ಮೇಜಿನಲ್ಲಿ ಮೂವರು, ಎರಡು ಅಡುಗೆ. ಪೋಲ್ಯಾ ಎರಡರಲ್ಲೂ ತಿನ್ನುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಮಕ್ಕಳು ಕೇಳದೆ ಇದ್ದಾಗಲೇ ಭಯವಾಗುತ್ತದೆ.

ಕೆಲವು ದಿನ ಬಿಟ್ಟು ಅವನು ಒಂದು ಬಾಟಲಿ ತಂದ. ಹೆಂಡತಿಯ ಎದುರಿಗೇ ಲೋಟಕ್ಕೆ ಸುರಿದು ಕುಡಿದು, ಕನ್ನಡಿ ಹಿಡಿದು ಕೂತ. ಹೊತ್ತು ಸರಿಯಿತು. ಮುಖ ಕೆಂಪಾಗಲಿಲ್ಲ. ಎದೆ ಹಾರಲಿಲ್ಲ. ಕನ್ನಡಿಯಲ್ಲಿ ಅಣ್ಣ ಇರಲಿಲ್ಲ, ಅವನೇ ಇದ್ದ. ಬಿರಡೆ ಹಾಕಿ ಬಾಟಲಿಯನ್ನು ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟ. ಮತ್ತೆ ಮುಟ್ಟಲಿಲ್ಲ, ಎಸೆಯಲೂ ಇಲ್ಲ. ಗ್ಲಫೀರಾ ಕೆಲಸದಿಂದ ಬಂದಾಗಲೆಲ್ಲ ಮೊದಲು ನೋಡುತ್ತಿದ್ದುದು ಅದರಲ್ಲಿ ಎಷ್ಟಿದೆ ಎಂದು.

ಕಾಪಾ ಮಾತ್ರ ದಿನೇ ದಿನೇ ಅರಳಿದಳು. ಮೈಮೇಲಿನ ಕಲೆ ಮಾಯಿತು, ಹಲ್ಲು ಕಟ್ಟಿಸಿಕೊಂಡಳು, ಹಿಟ್ಟು ನಾದುತ್ತ ಗುನುಗಲು ಶುರು ಮಾಡಿದಳು. ಚಳಿಗಾಲವೆಲ್ಲ ಗ್ಲಫೀರಾ ಅವಳ ಪಕ್ಕದಲ್ಲೇ ನಿಂತು ನಾದಿದಳು. ಕೊನೆಗೊಂದು ದಿನ ತಡೆಯಲಾಗಲಿಲ್ಲ.

"ಅವನ ಗುಂಡಿಗೆ ಕೆಟ್ಟಿದ್ದು ನಿಂಗ್ ಗೊತ್ತಿತ್ತಲ್ವಾ? ನಾನ್ ಬೇಡ ಅಂತ ಹೇಳಿದ್ದೆ."

ಕಾಪಾ ಹಿಟ್ಟಿನ ಕೈಯಿಂದಲೇ ತಲೆವಸ್ತ್ರ ಸರಿಮಾಡಿಕೊಂಡಳು. "ಹೇಳಿದ್ದೆ. ನೀನ್ ಹೇಳ್ದೇ ಇದ್ದಿದ್ರೆ ನಂಗ್ ಹೆಂಗ್ ಗೊತ್ತಾಗ್ತಿತ್ತು?"

ಅಷ್ಟು ಹೇಳಿ ಗುನುಗುತ್ತ ತಟ್ಟೆಗಳಿಗೆ ಎಣ್ಣೆ ಸವರಲು ಹೋದಳು. ಗ್ಲಫೀರಾ ನಾದುತ್ತಲೇ ಇದ್ದಳು. ಆ ದಿನದ ಬ್ರೆಡ್ಡು ಕಲ್ಲಿನಂತೆ ಆಯಿತೆಂದು ಊರಿನವರು ಬೈದುಕೊಂಡರು.

ವಸಂತದಲ್ಲಿ ಕಾಪಾ ಮನೆ ಮಾರಿ ದೊಡ್ಡ ಊರಿಗೆ ಹೊರಟುಹೋದಳು. ಪೀಡೆ ಕಳೆಯಿತೆಂದು ಗ್ಲಫೀರಾ ಅಂದುಕೊಂಡಳು. ಮಳೆ ಶುರುವಾದಾಗ, ಎದ್ದವನ್ನೆಲ್ಲ ತುಳಿದು ಹಾಕಿಬಿಡೋಣವೆಂದು ಅವಳು ಮಾವನ ಕಾಲದ ದೊಡ್ಡ ಬೂಟು ಹಾಕಿಕೊಂಡು ಲಾಯದ ಹಿಂದಕ್ಕೆ ಹೋದಳು. ತುಳಿಯಲು ಏನೂ ಉಳಿದಿರಲಿಲ್ಲ. ಹೊಟ್ಟಿನ ರಾಶಿಯ ಉದ್ದಕ್ಕೂ ಬುಡಗಳು ಮಾತ್ರ ಇದ್ದವು, ಚಾಕುವಿನಿಂದ ನೀಟಾಗಿ ಕುಯ್ದ ಬುಡಗಳು. ಕೆಲವು ಒದ್ದೆಯಾಗಿದ್ದವು, ಆಗತಾನೇ ಕುಯ್ದವು. ಕೆಲವು ಹಿಂದಿನ ದಿನದವು. ಕಾಲಿನ ಗುರುತು ಒಬ್ಬಳದಲ್ಲ, ಹಲವರದು. ಕಾಪಾ ಹೋಗುವ ಮುಂಚೆ ಯಾರ್ಯಾರಿಗೆ ಹೇಳಿ ಹೋಗಿದ್ದಳೋ, ಹೇಳುವಾಗ ಎಷ್ಟು ಹೇಳಿದ್ದಳೋ, ಎಷ್ಟು ಬಿಟ್ಟಿದ್ದಳೋ.

ಊರೊಳಗೆ ನಡೆದು ಬರುವಾಗ ಪ್ರತಿ ಮನೆಯ ಹೊಗೆಗೂಡಿನಿಂದಲೂ ಹೊಗೆ ಏಳುತ್ತಿತ್ತು. ಈರುಳ್ಳಿ ಹುರಿಯುವ ಘಮ ಬರುತ್ತಿತ್ತು. ಮರುದಿನ ತೆಪ್ಪದವರಿಗೆ ಸಂಬಳ.

ಗ್ಲಫೀರಾ ಮೊದಲು ದವಾಖಾನೆಗೆ ಹೋದಳು. ರೈಸಾ ಪೂರ್ತಿ ಕೇಳಿಸಿಕೊಂಡಳು, ಮುಖ ಬಿಳಿಚಿಕೊಂಡಿತು. "ಜಿಲ್ಲಾ ಆಸ್ಪತ್ರೇಲಿ ಇದೇ ಕೆಲಸ ಮಾಡೋ ಮಾತ್ರೆ ಇದೆ ಗ್ಲಫೀರಾ. ಕೊಡ್ತಾರೆ. ಆದ್ರೆ ಮೊದ್ಲು ಎದೆ ನೋಡ್ತಾರೆ, ಆಮೇಲೆ ಆ ಮನುಷ್ಯನನ್ನೇ ಕೇಳ್ತಾರೆ. ಕೇಳಿ ಕೊಡ್ತಾರೆ. ಅದೊಂದೇ ವ್ಯತ್ಯಾಸ" ಎಂದಳು. ಆಮೇಲೆ ಇಬ್ಬರೂ ಕೂಡಿಯೇ ನದಿದಂಡೆಗೆ ಹೋದರು. ಗಂಡಸರು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದರು. ನಿಕಾನೊರ್ ಒಂದು ದಿಮ್ಮಿಯ ಮೇಲೆ ಬೇರೆಯಾಗಿ ಕೂತು ಮೊಟ್ಟೆ ಸುಲಿಯುತ್ತಿದ್ದ.

ಗ್ಲಫೀರಾ ಯಾರ ಹೆಸರೂ ಎತ್ತಲಿಲ್ಲ, ಕಾಪಾಳದೂ ಇಲ್ಲ. ತಾನು ಮಾಡಿದ್ದನ್ನಷ್ಟೇ ಹೇಳಿದಳು: ಎಂಥ ಅಣಬೆ, ಎಲ್ಲಿ ಬೆಳೆಯುತ್ತದೆ, ತನ್ನ ಗಂಡನಿಗೆ ಹೇಗೆ ಹಾಕಿದಳು, ಕುಡಿದರೆ ಏನಾಗುತ್ತದೆ. "ನಿಮ್ ಮನೇಲಿ ಹಾಕಿದಾರೋ ಇಲ್ವೋ ನಂಗೊತ್ತಿಲ್ಲ. ಅಣಬೆ ತಿಂದಿದ್ರೆ ಈ ವಾರ ಕುಡೀಬೇಡಿ. ಮುಖ ಕೆಂಪಾದ್ರೆ ನಿಲ್ಸಿ, ರೈಸಾ ಅರ್ಕಾದ್ಯೆವ್ನ ಹತ್ರ ಬನ್ನಿ."

ಒಬ್ಬ ತನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಪಕ್ಕಕ್ಕಿಟ್ಟ. ಅವನನ್ನು ನೋಡಿ ಇನ್ನೊಬ್ಬ. ಬ್ರೆಡ್ಡನ್ನು ಕಚ್ಚಿದ್ದವನೊಬ್ಬ ಬಾಯಲ್ಲಿದ್ದುದನ್ನು ನೀರಿಗೆ ಉಗುಳಿದ. ಆ ಬ್ರೆಡ್ಡು ಗ್ಲಫೀರಾ ಸುಟ್ಟದ್ದು.

ಆ ಸಂಬಳದ ದಿನ ಕ್ರಿವಾಯಾ ಲೂಕಾದಲ್ಲಿ ಯಾರೂ ಸಾಯಲಿಲ್ಲ. ಇಬ್ಬರು ಕೆಂಪು ಮುಖ ಹೊತ್ತು ದವಾಖಾನೆಗೆ ಬಂದು ಬದುಕಿಕೊಂಡರು. ಆದರೆ ಎಷ್ಟೋ ಮನೆಗಳಲ್ಲಿ ತಟ್ಟೆ ಹಾರಿತು, ಇಬ್ಬರು ಮೂವರು ಹೆಂಗಸರಿಗೆ ಏಟು ಬಿತ್ತು. ಅವರು ಗ್ಲಫೀರಾಳನ್ನು ಜನ್ಮದಲ್ಲಿ ಕ್ಷಮಿಸಲಿಲ್ಲ. ಗಂಡಸರೂ ಕ್ಷಮಿಸಲಿಲ್ಲ. ಅವಳು ನಾದಿದ ಬ್ರೆಡ್ಡು ಅಂಗಡಿಯಲ್ಲಿ ಹಾಗೇ ಉಳಿಯತೊಡಗಿದಾಗ ಅವಳನ್ನು ಬೇಕರಿಯಿಂದ ತೆಗೆದು ಕಾರ್ಖಾನೆಯ ಬಾಯ್ಲರಿಗೆ ಸೌದೆ ಹಾಕಲು ಹಚ್ಚಿದರು. ಪೋಲೀಸಿನವನು ಒಮ್ಮೆ ಬಂದು ಸಾವೆಲಿಯ ಬಗ್ಗೆ ಕೇಳಿಕೊಂಡು ಹೋದ. ಆ ಮಾತು ಅಲ್ಲಿಗೇ ನಿಂತಿತು. ಕಾಪಾ ದೊಡ್ಡ ಊರಿನಲ್ಲಿ ಇನ್ನೊಂದು ಮದುವೆಯಾದಳೆಂದು ಬಹಳ ದಿನದ ಮೇಲೆ ಸುದ್ದಿ ಬಂತು. ಗಂಡ ಒಳ್ಳೆಯವನಂತೆ, ಹಬ್ಬಕ್ಕೆ ಮಾತ್ರ ಕುಡಿಯುತ್ತಾನಂತೆ. ಅದನ್ನು ಕೇಳಿದ ದಿನ ಗ್ಲಫೀರಾಗೆ ಕೆಲಸ ಸಾಗಲಿಲ್ಲ.

ಬಾಯ್ಲರಿನ ಕೆಲಸದ ಮೊದಲ ದಿನ ಅವಳು ಮೈಯೆಲ್ಲ ಮಸಿಯಾಗಿ ಮನೆಗೆ ಬಂದಾಗ ಒಲೆ ಹೊತ್ತಿತ್ತು. ನಿಕಾನೊರ್ ಆಲೂಗಡ್ಡೆ ಬೇಯಿಸಿದ್ದ. ಎರಡು ತಟ್ಟೆಯಲ್ಲ, ಮೂರು ತಟ್ಟೆ. ಪೋಲ್ಯಾ ಆಗಲೇ ತಿನ್ನುತ್ತಿದ್ದಳು. ನಿಕಾನೊರ್ ಹೆಂಡತಿಯ ಮುಂದೆ ಒಂದು ತಟ್ಟೆ ಸರಿಸಿದ. ಮೇಲೆ ಏನೋ ಹಸಿರು ಉದುರಿಸಿದ್ದ. ಗ್ಲಫೀರಾ ಚಮಚ ಎತ್ತಿದಳು. ಎತ್ತಿದ ಕೈ ಅರ್ಧದಲ್ಲಿ ನಿಂತಿತು, ಅವಳು ಬೇಡವೆಂದರೂ ನಿಂತಿತು. ಅವನು ಅದನ್ನು ನೋಡಿದ. ತನ್ನ ಊಟ ಬಿಟ್ಟು ಕಾಯುತ್ತ ಕೂತ. ಅವಸರ ಮಾಡಲಿಲ್ಲ.

ಅವಳು ತಿಂದಳು. ಉಪ್ಪು ಜಾಸ್ತಿಯಾಗಿತ್ತು.

"ಹೆಂಗಿದೆ?" ಎಂದ.

"ಉಪ್ಪು" ಎಂದಳು.

"ನಾಳೆ ಕಮ್ಮಿ ಹಾಕ್ತೀನಿ" ಎಂದು ಅವನು ತನ್ನ ತಟ್ಟೆ ಎಳೆದುಕೊಂಡ.